ಹೊಸ ಸಟ್ಟುಗ

ಮಾರ್ಚ್ ೧೪, ರಾತ್ರಿ

ಇವತ್ತಿನ ಖರ್ಚು: ಒಂದು ಬಾಳೆಹಣ್ಣು, ಎರಡು ಹಿಡಿ ಹಿಟ್ಟು, ಒಂದು ಆಂಬುಲೆನ್ಸ್.

ನಮ್ಮ ತಿಂಡಿ ಅಂಗಡಿಗೆ ಬರುವ ಟೀಚರಮ್ಮನ ಮಗಳಿಗೆ ಮೊಟ್ಟೆ ಆಗುವುದಿಲ್ಲ, ಅಲರ್ಜಿ. ಅದಕ್ಕೇ ಬಾಳೆಹಣ್ಣು ಕಿವುಚಿ, ಬೇರೆ ಪಾತ್ರೆಯಲ್ಲಿ ಕಲಸಿ, ಬೇರೆ ಕಾವಲಿಯಲ್ಲಿ ಪ್ಯಾನ್‌ಕೇಕ್ ಹುಯ್ದೆ.

"ಮೊಟ್ಟೆ ತಾಗಿಲ್ಲ ತಾನೆ ಅಣ್ಣಾ?" ಎಂದು ಕೇಳಿದರು ಟೀಚರಮ್ಮ.

"ಅದರ ನೆರಳೂ ಬಿದ್ದಿಲ್ಲಮ್ಮಾ!" ಎಂದು ಕೊಚ್ಚಿಕೊಂಡೆ.

ಮಗುಚಿದ್ದು ಮಾತ್ರ ಆಗಷ್ಟೇ ಆಮ್ಲೆಟ್ ಎತ್ತಿದ ಸಟ್ಟುಗದಿಂದ. ಇಪ್ಪತ್ತು ವರ್ಷದ ಕೈರೂಢಿ. ಎರಡೇ ತುತ್ತಿಗೆ ಮಗುವಿನ ತುಟಿ ಊದಿತು, ಉಸಿರು ಕಟ್ಟಿತು.

"ಬಡಾಯಿ ಕೊಚ್ಚೋ ಹೊತ್ತಲ್ಲಿ ಆ ಸಟ್ಟುಗ ತೊಳೆದಿದ್ರೆ ಆಗ್ತಿತ್ತು," ಎಂದಳು ಹೆಂಡತಿ.

ಸಂಜೆ ಆಸ್ಪತ್ರೆಯಿಂದ ಟೀಚರಮ್ಮನೇ ಫೋನ್ ಮಾಡಿದರು. "ಇನ್ನೂ ಕಣ್ಣು ಬಿಟ್ಟಿಲ್ಲ ಅಣ್ಣಾ." ಬೈದಿದ್ದರೆ ವಾಸಿಯಿತ್ತು.

ಯಾರಿಗೆ ಏನು ಸಿಕ್ಕಿತು: ಮಗುವಿಗೆ ಆಕ್ಸಿಜನ್ ಕೊಳವೆ. ತಾಯಿಗೆ ವಾರ್ಡಿನ ಹೊರಗಿನ ಬೆಂಚು. ನನಗೆ, ಹೆಂಡತಿ ಮಧ್ಯಾಹ್ನ ತಂದ ಹೊಸ ಸಟ್ಟುಗ.