ಹತ್ತು ನಿಮಿಷ ಸುಧಾರಿಸಿಕೊಂಡ ಪಿಕಳಾರ

ನಂದಿ, ಏಪ್ರಿಲ್ ೧೪

ಅಮ್ಮನಿಗೆ ಶಾಂಭವಿಯ ನಮಸ್ಕಾರ.

ಫೋನಿನಲ್ಲಿ ‘ನಂಗೇನಾಗಿದೆ’ ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾರ್ಡು. ಇಲ್ಲಿ ದ್ರಾಕ್ಷಿ ತೋಟದಲ್ಲಿ ಪಿಕಳಾರ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಒಂದು ಹನಿ ರಕ್ತ ತೆಗೆದು ಬಿಡುತ್ತೇವೆ. ಅವಕ್ಕೆ ಎಷ್ಟು ಗಾಬರಿಯಾಗಿದೆ ಎಂದು ಅದರಿಂದ ತಿಳಿಯುತ್ತದೆ. ಹೋದ ವಾರ ಸಿಕ್ಕ ಒಂದರ ಎದೆ ಡವಡವ ಎನ್ನುತ್ತಿತ್ತು. ಬಂದವರಿಗೆ ಮೊದಲು ನೀರು ಕೊಟ್ಟು ಕೂರಿಸುವ ನಿನ್ನ ಅಭ್ಯಾಸ ನನಗೂ ಇದೆಯಲ್ಲ, ಸುಧಾರಿಸಿಕೊಳ್ಳಲಿ ಎಂದು ಬಟ್ಟೆಚೀಲದಲ್ಲಿ ಹತ್ತು ನಿಮಿಷ ಬಿಟ್ಟೆ. ನಮ್ಮ ಮೇಡಂ ತಲೆ ಚಚ್ಚಿಕೊಂಡರು. “ಮೂರು ನಿಮಿಷದೊಳಗೆ ತೆಗೀಬೇಕು ಕಣಮ್ಮ. ಆಮೇಲೆ ಗಾಬರಿ ರಕ್ತದಲ್ಲಿ ಏರ್ತಾ ಹೋಗ್ತದೆ.”

ನಿನ್ನೆ ಫಲಿತಾಂಶ ಬಂತು. ಏರಿಯೇ ಇಲ್ಲ. ಅದರ ಕಾಲಿಗೆ ಹಿಂದೆಯೇ ಹಾಕಿದ್ದ ಉಂಗುರದ ನಂಬರ್ ಹಿಡಿದು ಹುಡುಕಿದರೆ, ಇದೇ ಹಕ್ಕಿಗೆ ಚಳಿಗಾಲದಲ್ಲಿ ಹೀಗೆಯೇ ತಡವಾದಾಗ ನಾಲ್ಕು ಪಟ್ಟು ಏರಿತ್ತು. ನಂಬಲಾಗದೆ ಆ ಹಾಳೆಯನ್ನು ಮೇಡಂಗೆ ತೋರಿಸಿದೆ. ಅವರು ಮೆಲ್ಲಗೆ ಅಂದರು, “ಈಗ ಗೂಡಲ್ಲಿ ಮರಿ ಇವೆ ಕಣಮ್ಮ. ಗಾಬರಿ ಬೀಳೋಕೂ ಪುರುಸೊತ್ತಿಲ್ಲ ಅದಕ್ಕೆ.”

ನೀನು ಕೇಳುತ್ತಿದ್ದ ನನ್ನ ಕೆಮ್ಮು ಹೋಯಿತು. ಅಪ್ಪ ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನವೂ ನಿನ್ನ ಬಿಪಿ ಸರಿಯಾಗಿಯೇ ಇತ್ತೆಂದು ಎಲ್ಲರೂ ನಿನ್ನನ್ನು ಹೊಗಳಿದೆವು. ಈಗ ಅವರು ಮನೆಗೆ ಬಂದಾಯಿತಲ್ಲ, ನಾಳೆಯೇ ಹೋಗಿ ಮತ್ತೆ ನೋಡಿಸು.

ಶಾಂಭವಿ