ತಾಮ್ರದ ರೂಪಾಯಿ

ಮೊಳಕಾಲ್ಮೂರು,
ವಿರೋಧಿಕೃತು ಸಂವತ್ಸರ, ಮಾಘ ಬಹುಳ ಪಂಚಮಿ, ೧೯೧೨ನೇ ಇಸವಿ.

ಚಳ್ಳಕೆರೆಯ ಸ್ಕೂಲಿನಲ್ಲಿ ಮೇಷ್ಟರಾಗಿರುವ ನಮ್ಮ ಯಜಮಾನರಿಗೆ ಓಬಳಮ್ಮ ಮಾಡುವ ನಮಸ್ಕಾರ. ಪಾದಗಳಿಗೆ ಎಂದು ಬರೆಯುವುದು ರೂಢಿ. ಈ ಸಲ ಕೈ ಬರಲಿಲ್ಲ, ಬಿಟ್ಟಿದ್ದೇನೆ.

ಅಪ್ಪನಿಗೆ ಉಬ್ಬಸ ಜಾಸ್ತಿಯಾಗಿದೆ ಎಂದು ಹೇಳಿ ಗಾಡಿ ಹತ್ತಿದೆ. ಅದು ಸುಳ್ಳಲ್ಲ. ಆದರೆ ನನ್ನನ್ನು ಹೊರಡಿಸಿದ್ದು ನಿಮ್ಮ ನಾಣ್ಯದ ಪೆಟ್ಟಿಗೆ. ಗೆದ್ದಲು ಹತ್ತೀತೆಂದು ಅದನ್ನು ಬಿಸಿಲಿಗಿಟ್ಟಿದ್ದೆ. ಟಂಕಸಾಲೆಯಲ್ಲಿ ತಪ್ಪಿ ಬೇರೆ ಲೋಹದ ಮೇಲೆ ಅಚ್ಚಾದ ನಾಣ್ಯಕ್ಕಾಗಿ ನೀವು ತಳಕಿನ ಸಂತೆಯವರೆಗೂ ನಡೆದು, ಅಂಗಡಿಯವರ ಗಲ್ಲಾಪೆಟ್ಟಿಗೆ ಜಾಲಾಡುವುದು ಊರಿಗೇ ಗೊತ್ತು. ಬೆಳ್ಳಿಯ ಮೇಲೆ ಬಿದ್ದ ಕಾಲಾಣೆ ಸಿಕ್ಕಿದ ದಿನ, ಮಗಳು ಹುಟ್ಟಿದ ದಿನಕ್ಕಿಂತ ಹೆಚ್ಚು ನಕ್ಕಿದ್ದಿರಿ. ಒಂದೊಂದಕ್ಕೂ ಚೀಟಿ ಅಂಟಿಸಲು ಒತ್ತಾಸೆಯಾಗಲಿ ಎಂದು ನನಗೆ ಅಕ್ಷರ ಕಲಿಸಿದವರೂ ನೀವೇ. ಅಡಿಯ ತಟ್ಟೆಯನ್ನು ಮಾತ್ರ ಯಾವತ್ತೂ ತೋರಿಸಿರಲಿಲ್ಲ. ಅದರಲ್ಲಿ ತಾಮ್ರದ ರೂಪಾಯಿ ಇತ್ತು. ಚೀಟಿಯ ಮೇಲೆ ನಿಮ್ಮದೇ ಅಕ್ಷರ: "ರಾಣಿ ರೂಪಾಯಿ. ಬೆಳ್ಳಿಯ ಬದಲು ತಾಮ್ರ. ಟಂಕಸಾಲೆಯ ತಪ್ಪು, ಅಸಲಿ. ಮದುವೆಯ ದಿನ ಸಿಕ್ಕಿದ್ದು."

ಅಸಲಿ ಎಂಬುದನ್ನು ನಾಲ್ಕು ಸಲ ಓದಿದೆ.

ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಹೊಸ ಮಗ್ಗದಿಂದ ಇಳಿದ ಮೊದಲ ಸೀರೆಗೆ ಸಾಹುಕಾರ ಅರಿಶಿನ ಕುಂಕುಮ ಬಳಿದೇ ರೂಪಾಯಿ ಕೊಡುತ್ತಾನೆ. ಅದು ದೇವರ ಗೂಡು ಸೇರುತ್ತದೆ. ವರ್ಷವರ್ಷವೂ ಮೇಲೆ ಬಳಿಯುವುದುಂಟು, ತೊಳೆಯುವುದಿಲ್ಲ. ಹಿರಿಮಗಳ ಮದುವೆಯಲ್ಲಿ, ತಾಳಿಗೆ ಮುಂಚೆ, ಅಳಿಯ ಅದನ್ನು ಹಾಲಿನಲ್ಲಿ ತೊಳೆಯಬೇಕು, ಆಮೇಲೆ ಅದು ಬೆಟ್ಟದ ಮೇಲಿನ ಜಟಿಂಗ ರಾಮೇಶ್ವರನ ಹುಂಡಿಗೆ. ಹದಿನೆಂಟು ವರ್ಷದ ಅರಿಶಿನ ಕರಗಿ ತಾಮ್ರ ಕಂಡಾಗ ಚಪ್ಪರದಲ್ಲಿದ್ದವರೆಲ್ಲ ನಿಮ್ಮ ಮುಖ ನೋಡಿದರು, ನಾಣ್ಯ ಬಲ್ಲವರೆಂದು. ನೀವು ಅದರ ಅಂಚು ಸವರಿ, "ಖೋಟಾ, ದೇವರಿಗೆ ಬ್ಯಾಡ, ನಾನೇ ಎಸೀತೀನಿ" ಎಂದಿರಿ. ಅಸಲಿ ಎಂದಿದ್ದರೆ ಅದು ಬೆಟ್ಟ ಹತ್ತುತ್ತಿತ್ತು. ನಿಮ್ಮ ಪೆಟ್ಟಿಗೆ ಸೇರುತ್ತಿರಲಿಲ್ಲ.

ದೇವರ ರೂಪಾಯಿಯನ್ನೇ ಬದಲಾಯಿಸಿದವನೆಂದು ಅವತ್ತಿನಿಂದ ಅಪ್ಪನಿಗೆ ಕುಲದವರ ಮೊದಲ ವೀಳ್ಯ ತಪ್ಪಿತು. ಏಳು ವರ್ಷದಿಂದ ಚಪ್ಪಲಿ ಬಿಡುವ ಕಡೆ ಕೂರುತ್ತಾರೆ. ರೇಷ್ಮೆ ಕೊಳ್ಳಲು ಹೋದರೆ ಅವರ ರೂಪಾಯಿಯನ್ನು ಮಾತ್ರ ಕಲ್ಲಿಗೆ ಕುಟ್ಟಿ ಸದ್ದು ಕೇಳುತ್ತಾರೆ. ಕುಲದ ಯಜಮಾನ ಕೊಟ್ಟೂರಪ್ಪ ಪ್ರತಿ ಮದುವೆಯಲ್ಲೂ, "ಪೆದ್ದಣ್ಣನ ರೂಪಾಯಿ ಅಲ್ಲ ತಾನೇ, ನೋಡ್ರಪ್ಪ" ಎಂದು ಜನರನ್ನು ನಗಿಸುತ್ತಾನೆ.

ಹೊರಗಿನವರನ್ನು ಏನೆನ್ನಲಿ. ಹೋದ ವರ್ಷ ಅಪ್ಪ ಚಳ್ಳಕೆರೆಗೆ ಬಂದು, ಮೊಮ್ಮಗಳಿಗೆ ಬಳೆ ತೊಡಿಸೆಂದು ಒಂದು ರೂಪಾಯಿ ಕೊಟ್ಟರು. ನಾನು ಒಳಗೆ ಹೋಗಿ ಅದನ್ನು ಒರಳಿನ ಮೇಲೆ ಕುಟ್ಟಿ ನೋಡಿದೆ. ತಿರುಗಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದರು. "ಗಟ್ಟಿ ಐತೇನವ್ವ" ಎಂದು ಕೇಳಿದರು. ಐತೆ ಅಂದೆ. ಆ ಪಾಪ ನನ್ನದು, ನಿಮ್ಮ ಮೇಲೆ ಹೊರಿಸುವುದಿಲ್ಲ. ಆದರೆ ಅದನ್ನು ನನ್ನ ಕೈಯಲ್ಲಿ ಮಾಡಿಸಿದವರು ನೀವೆಂದು ಈಗ ತಿಳಿಯಿತು.

ನನಗೆ ಬೇಕಾದದ್ದು ಇಷ್ಟೇ. ಅಪ್ಪನ ಉಸಿರಿರುವಾಗ ಇಲ್ಲಿಗೆ ಬಂದು, ಅದು ಅಸಲಿ, ಸುಳ್ಳು ಹೇಳಿದವನು ನಾನು ಎಂದು ಕುಲದವರ ಮುಂದೆ ಹೇಳಿ. ಶಿವರಾತ್ರಿಯವರೆಗೆ ಕಾಯುತ್ತೇನೆ. ಬರದಿದ್ದರೆ ರೂಪಾಯಿಯನ್ನೂ ಚೀಟಿಯನ್ನೂ ನಾನೇ ಕೊಟ್ಟೂರಪ್ಪನ ಮುಂದಿಡುತ್ತೇನೆ. ಪೆಟ್ಟಿಗೆಯಲ್ಲಿ ಹುಡುಕಬೇಡಿ, ಎರಡೂ ನನ್ನ ಬಳಿ ಇವೆ.

ಇಂತಿ,
ಪೆದ್ದಣ್ಣನ ಮಗಳು ಓಬಳಮ್ಮ

ಮತ್ತೊಂದು ಮಾತು: ಕಾಗದ ಮಡಿಸುವ ಮುಂಚೆ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಬೆರಗಾಗಲಿಲ್ಲ. "ನಂಗೆ ಅವತ್ತೇ ತಿಳೀತು ಬಿಡವ್ವ. ಎಸೀತೀನಿ ಅಂದೋರು ಶಲ್ಯದ ತುದೀಗೆ ಎರಡು ಗಂಟು ಹಾಕ್ಕಂಡ್ರು. ಖೋಟಾನ ಯಾರಾನ ಅಷ್ಟು ಜೋಪಾನ ಮಾಡ್ತಾರಾ" ಎಂದರು. ಮತ್ತೆ ಬಾಯಿ ಯಾಕೆ ಬಿಡಲಿಲ್ಲ ಎಂದು ಕೇಳಿದೆ. "ನಿಂಗಿನ್ನೂ ತಾಳಿ ಕಟ್ಟಿರಲಿಲ್ಲವಲ್ಲ" ಎಂದರು. ಶಿವರಾತ್ರಿಯವರೆಗೆ ಕಾಯುವುದಿಲ್ಲ. ಕೊಟ್ಟೂರಪ್ಪನಿಗೆ ಹೇಳಿಕಳಿಸಿದ್ದೇನೆ. ನೀವು ಬರುವುದು ಬೇಡ.