ಆಷಾಢ ಕಳೆದ ಮೇಲೆ ಖಾಲಿ

ಜುಲೈ 6, ಭಾನುವಾರ

ಮತ್ತೆ ಕೊಳ್ಳೇಗಾಲ, ಮತ್ತೆ ಬರಿಗೈ. ರಿಟೈರ್ ಆಗಿದ್ದೇನೆ, ರಾಮಾಪುರದ ಕ್ವಾರ್ಟರ್ಸ್ ಆಗಸ್ಟ್ ಕೊನೆಗೆ ಬಿಡಬೇಕು. ಆಮೇಲೆ ಇರುವುದು ಕೊಳ್ಳೇಗಾಲದ ಈ ಮನೆಯೊಂದೇ. ನರ್ಸ್ ಕೆಲಸ ಮಾಡಿ ಕಟ್ಟಿಸಿದ್ದು. ಗೋಡೆಗೆ ನೀರು ಹಾಕಿದ್ದೂ ನಾನೇ. ಮನೆ ಖಾಲಿ ಮಾಡಿ ಎಂದರೆ, ಬಾಡಿಗೆಗಿರುವ ಮಲ್ಲಿಕಾರ್ಜುನಸ್ವಾಮಿ, ಕಬ್ಬಿಣದ ಅಂಗಡಿಯವರು, ಕಾಫಿ ಕೊಟ್ಟು ನಕ್ಕರು. "ಆಸಾಡ ಅಲ್ವೇ ಸಿಸ್ಟರ್? ಈ ತಿಂಗ್ಳಲ್ಲಿ ಯಾರಾದ್ರೂ ಮನೆ ಬದ್ಲಾಯಿಸ್ತಾರಾ? ಸ್ರಾವಣ ಬರ್ಲಿ."

ಬರಲಿ.

ಆಗಸ್ಟ್ 3

ಶ್ರಾವಣ ಬಂತು. ಹೊಸ ನೆಪವೂ ಬಂತು. ಮಲ್ಲಿಕಾರ್ಜುನಸ್ವಾಮಿಯವರ ಮಗಳು ರೂಪ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಾಳೆ. "ಬಸ್ರಿ ಎಂಗ್ಸು ಇರೋ ಮನೆ ಕದಲುಸ್ಬಾರ್ದು ಕಣವ್ವ," ಎಂದರು ಅವರ ಹೆಂಡತಿ ದೊಡ್ಡಬಸಮ್ಮ. ಹೆರಿಗೆ ವಾರ್ಡಿನಲ್ಲಿ ಜೀವ ಸವೆಸಿದವಳಿಗೆ ಹೇಳುತ್ತಾರೆ! ಮೈಯೆಲ್ಲ ಉರಿಯಿತು.

ಆಗಸ್ಟ್ 10

ಕಾಮಗೆರೆಯಿಂದ ತಮ್ಮ ಶಿವರುದ್ರಸ್ವಾಮಿಯ ಫೋನ್. "ನಾಕು ಜನ್ರ ಕರ್ಕಂಡು ಬತ್ತೀನಿ, ಸಾಮಾನು ಆಚೆಗೆ ಎಸ್ದುಬುಡ್ಮ. ಅಲ್ಲೀಗಂಟ ನಮ್ಮನೇಲಿರಕ್ಕ." ಬಸುರಿಯನ್ನು ಬೀದಿಗೆ ಹಾಕುವವಳಲ್ಲ ನಾನು. ತಮ್ಮನ ಹೆಂಡತಿಯ ಅಡುಗೆಮನೆ ಬಾಗಿಲಲ್ಲಿ ನಿಲ್ಲುವವಳೂ ಅಲ್ಲ.

ಆಗಸ್ಟ್ 31, ಸಂಜೆ

ಕ್ವಾರ್ಟರ್ಸ್ ಬಿಟ್ಟೆ. ಸಾಮಾನೆಲ್ಲ ಲಗೇಜ್ ಆಟೋಗೆ ಹಾಕಿಸಿ ನೇರ ಇಲ್ಲಿಗೇ ಬಂದೆ. ಮಲ್ಲಿಕಾರ್ಜುನಸ್ವಾಮಿ ಬಾಗಿಲಲ್ಲೇ ತಬ್ಬಿಬ್ಬು.

"ನೀವು ಕದಲ್ಬೇಡಿ. ನಾನೇ ಕದ್ಲಿ ಬಂದಿದ್ದೀನಿ. ಮುಂದಿನ ರೂಮು ಬಿಟ್ಕೊಡಿ, ಸಾಕು."

ಪಾಪ, ತಾವೇ ನನ್ನ ಟ್ರಂಕು ಎತ್ತಿ ಒಳಗಿಟ್ಟರು. ನಾಳೆ ಬೆಳಿಗ್ಗೆ ಅವರ ಒಲೆಯ ಮೇಲೇ ಹಾಲು ಉಕ್ಕಿಸುತ್ತೇನೆ. ಬೀದಿಯವರೆಲ್ಲ ನೋಡಲಿ, ಮನೆ ಯಾರದು ಅಂತ.

ಅಕ್ಟೋಬರ್ 4, ಆಸ್ಪತ್ರೆ ಬೆಂಚು

ರೂಪಾಗೆ ಬೆಳಿಗ್ಗೆಯೇ ನೋವು. ಗಾಬರಿಯಲ್ಲಿ ಎಲ್ಲರೂ ಆಟೋ ಹತ್ತಿದರು. ಬೀಗ ಹಾಕಿದ್ದು ನಾನು. ಕೀ ನನ್ನ ಪರ್ಸಿನಲ್ಲಿ. ಫೋನಿನಲ್ಲಿ ತಮ್ಮನಿಗೆ ಹೇಳಿದ್ದೇ ತಪ್ಪಾಯಿತು... "ಎಲ್ಲಾ ಆಚೆ ಅವ್ರೆ! ಇಂತಾ ಟೈಮು ಮತ್ತೆ ಸಿಕ್ಕಲ್ಲ. ಬೀಗ ತಗೀಬ್ಯಾಡ ಕಣಕ್ಕ!"

ಕಟ್ ಮಾಡಿದೆ.

ಸಂಜೆ

ಹೆಣ್ಣು ಮಗು. ಇಬ್ಬರೂ ಕ್ಷೇಮ. ಮಲ್ಲಿಕಾರ್ಜುನಸ್ವಾಮಿ ಕೈಕಟ್ಟಿ ಮುಂದೆ ನಿಂತರು. ಅವರಿಗೂ ಕೀ ನೆನಪಾಗಿದೆ.

"ಬಾಣಂತೀನ... ಎಲ್ಲಿಗೆ ಕರ್ಕಂಡೋಗದು ಸಿಸ್ಟರ್?"

"ಇನ್ನೆಲ್ಲಿಗೆ? ನನ್ನ ಮನೆಗೆ."

ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿದೆ. ಆ ಮನುಷ್ಯನ ಕಣ್ಣಲ್ಲಿ ನೀರು. "ಬಾಣಂತನ ಮುಗೀಲಿ. ಮಾರ್ನೇ ದಿನ್ವೇ ನಾವೇ ಕೀ ಕೊಟ್ಟು ಓಯ್ತೀವಿ."

ಹೋಗುತ್ತಾರೋ ಇಲ್ಲವೋ. ಹೋಗದಿದ್ದರೆ ನಾನು ಅಲ್ಲೇ ಇದ್ದೇನಲ್ಲ. ಎದೆಯಂತೂ ಉಬ್ಬಿದೆ. ನನ್ನ ಮನೆ! ಈಗಲೇ ಹೋಗಿ ಬೀಗ ತೆಗೆದು, ಒಳಕೋಣೆ ಗುಡಿಸಿ, ಬಾಣಂತಿಗೆ ನೀರು ಕಾಯಿಸಲು ಅಣಿಮಾಡಬೇಕು.